ಎಮರಾಲ್ಡಿನ ಮೂರು ಖಾಲಿ ದಿನಗಳು

ಅವರ ಉಣ್ಣೆಯ ಕೈಗವಸಿಗೆ ಬೆರಳ ತುದಿಗಳಿರಲಿಲ್ಲ. ಬೂದು ಬಣ್ಣದ ಆ ಕೈಗವಸಿನ ಹತ್ತೂ ತುದಿಗಳನ್ನು ಕತ್ತರಿಸಿ ತೆಗೆದು, ಬಿಚ್ಚಿಕೊಳ್ಳದಂತೆ ಸುತ್ತಲೂ ಕೆಂಪು ನೂಲಿನಲ್ಲಿ ಹೊಲಿದುಕೊಂಡಿದ್ದರು. ಆ ಕೆಂಪು ಉಂಗುರಗಳಿಂದ ಹೊರಗೆ ಚಾಚಿದ ಬೆರಳುಗಳು ಡಿಸೆಂಬರ್, ಜನವರಿಯಲ್ಲಿ ನೀಲಿಗಟ್ಟಿರುತ್ತಿದ್ದವು. ಪೂರ್ತಿ ಕೈಗವಸು ಹಾಕಿಕೊಂಡರೆ ಕೀಬೋರ್ಡ್ ಒತ್ತಲಾಗದು, ಹಾಕಿಕೊಳ್ಳದಿದ್ದರೆ ಊಟಿ ಬಳಿಯ ಈ ಎಮರಾಲ್ಡಿನ ಚಳಿ ಬಿಡದು. ಅದಕ್ಕೇ ಈ ರಾಜಿ ಎಂದು ನಗುತ್ತಿದ್ದರು.

ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ. ನಮ್ಮಿಬ್ಬರಿಗೂ ಯಾವ ನೆಂಟಸ್ತಿಕೆಯೂ ಇರಲಿಲ್ಲ. ಅವರ ತಂದೆ ಗುಂಡ್ಲುಪೇಟೆ ಕಡೆಯಿಂದ ಆಲೂಗೆಡ್ಡೆ ಬೆಳೆಯಲು ಬೆಟ್ಟ ಹತ್ತಿದವರು. ನಾನು ಹತ್ತಿರದ ಇತ್ತಲಾರು ಹಳ್ಳಿಯವನು, ಇದೇ ಬೆಟ್ಟದ ಬಡಗ ಜನಾಂಗದವನು. ಮನೆಯಲ್ಲಿ ಬಡಗು ಮಾತು, ಪೇಟೆಯಲ್ಲಿ ತಮಿಳು, ಅಕ್ಕನ ಹತ್ತಿರ ಮಾತ್ರ ಈ ಎರಡನ್ನೂ ಕಲಸಿದ ಕನ್ನಡ. ನನ್ನ ಕನ್ನಡ ಕೇಳಿ ಅವರು ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದರು. ಊಟಿಯ ಒಂದು ಸಂಶೋಧನಾ ಕೇಂದ್ರದಲ್ಲಿ ಬೆಳೆಗಳ ಅಂಕಿ-ಅಂಶ ನೋಡುವ ಕೆಲಸದಲ್ಲಿದ್ದವರು, ತಾಯಿ ತೀರಿಕೊಂಡ ಮೇಲೆ ಅದನ್ನು ಬಿಟ್ಟು, ಎಮರಾಲ್ಡಿನಲ್ಲಿ ಕರೆಂಟಿನವರ ಕ್ವಾರ್ಟರ್ಸ್ ಹಿಂದೆ ಒಂದು ಸಣ್ಣ ಮನೆ ಬಾಡಿಗೆಗೆ ಹಿಡಿದಿದ್ದರು. ಹಿತ್ತಲಿನಿಂದ ಅಣೆಕಟ್ಟಿನ ನೀರು ಕಾಣುತ್ತಿತ್ತು. ಮದುವೆಯಾಗಿರಲಿಲ್ಲ. ಯಾಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆ ಮನೆಯಲ್ಲಿ ಕುಳಿತು ಅವರು ಒಂದು ಲೈಬ್ರರಿ ಬರೆಯುತ್ತಿದ್ದರು. ಲೈಬ್ರರಿ ಎಂದರೆ ಪುಸ್ತಕದ ಮನೆಯಲ್ಲ. ಬೇರೆಯವರು ತಮ್ಮ ಪ್ರೋಗ್ರಾಂಗಳಲ್ಲಿ ಎತ್ತಿ ಬಳಸಿಕೊಳ್ಳಲೆಂದು ಬರೆದಿಟ್ಟ ಸಣ್ಣ ಸಣ್ಣ ಫಂಕ್ಷನ್‌ಗಳ, ಅಂದರೆ ಒಂದೊಂದು ಲೆಕ್ಕ ಮಾಡುವ ಕೋಡ್ ತುಣುಕುಗಳ, ಗಂಟು. ಅವರದು ಅಂಕಿ-ಅಂಶಗಳನ್ನು ಸೋಸಿ ಅಳೆದು ನೋಡುವಂಥದ್ದು, ಫಂಕ್ಷನಲ್ ಪ್ರೋಗ್ರಾಮಿಂಗ್ ಎಂಬ ಪದ್ಧತಿಯದು. ಹಾಗೆಂದರೇನು ಎಂದು ಕೇಳಿದ್ದಕ್ಕೆ ನನಗೆ ತಿಳಿಯುವ ಹಾಗೆ ಟೀ ಫ್ಯಾಕ್ಟರಿಯನ್ನೇ ಎಳೆದು ತಂದರು.

"ಎಲೆ ಬಾಡಿಸೋ ತೊಟ್ಟಿಯಿಂದ ರೋಲರ್‌ಗೆ ಹೋಗುತ್ತೆ, ಅಲ್ಲಿಂದ ಡ್ರೈಯರ್‌ಗೆ. ಒಂದೊಂದಕ್ಕೂ ಒಂದೊಂದೇ ಕೆಲ್ಸ. ಇದೂ ಹಂಗೇನೇ ತಮ್ಮ. ಒಂದೇ ವ್ಯತ್ಯಾಸ. ಫ್ಯಾಕ್ಟರೀಲಿ ಹಸಿ ಎಲೆ ಮತ್ತೆ ಸಿಗಲ್ಲ. ಇಲ್ಲಿ ಮೊದಲು ಕೊಟ್ಟ ಅಂಕಿ ಪಟ್ಟೀನ ಯಾರೂ ಮುಟ್ಟಂಗಿಲ್ಲ. ಎಷ್ಟು ಸಲ ಏನು ಮಾಡಿದ್ರೂ ಅದು ಹಂಗೇ ಇರ್ಬೇಕು."

ಇದು ಅವರ ಸ್ವಭಾವವೂ ಆಗಿತ್ತು. ಅವರ ನೋಟ್‌ಬುಕ್ಕಿನಲ್ಲಿ ರಬ್ಬರ್ ಉಜ್ಜಿದ ಗುರುತು ನಾನು ಕಂಡಿಲ್ಲ. ತಪ್ಪು ಬರೆದರೆ ಅದರ ಮೇಲೆ ಒಂದೇ ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುತ್ತಿದ್ದರು, ಹಳೆಯದೂ ಓದಲು ಸಿಗುವಂತೆ.

ಯಾವ್ಯಾವುದೋ ದೇಶದವರು ಆ ಲೈಬ್ರರಿ ಬಳಸುತ್ತಿದ್ದರು, ಅಕ್ಕನಿಗೆ ಪತ್ರ ಬರೆಯುತ್ತಿದ್ದರು. ಎದುರು ಮನೆಯವರಿಗೆ ಮಾತ್ರ ಅವರು ಕಂಪ್ಯೂಟರ್ ಅಮ್ಮ. ನಾನು ಹೋದಾಗಲೆಲ್ಲ ಒಂದು ವರ್ಕಿ ಬಿಸ್ಕತ್ತನ್ನು ಎರಡು ಮಾಡಿ, ದೊಡ್ಡ ತುಂಡನ್ನು ನನ್ನ ಮುಂದಿಟ್ಟು, ಚಹಾ ಆರುವವರೆಗೂ ಮಾತಾಡುತ್ತಿದ್ದರು. ಎದ್ದು ಹೊರಟರೆ, "ಕೂತ್ಕೋ, ಇನ್ನೊಂದು ಬಸ್ಸಿದೆ" ಅನ್ನುತ್ತಿದ್ದರು. ಆ ಇನ್ನೊಂದು ಬಸ್ಸಿಗೆ ನಾನು ಕಾದದ್ದು ಕಡಿಮೆ.

ಲೈಬ್ರರಿಯ ಹೊಸ ಆವೃತ್ತಿ ಬಂದಾಗಲೆಲ್ಲ ಏನೇನು ಬದಲಾಯಿತು ಎಂಬ ಟಿಪ್ಪಣಿಯನ್ನು ಅವರೇ ಬರೆಯುತ್ತಿದ್ದರು. ಬೇಡವಾದ ಫಂಕ್ಷನ್ನನ್ನು ಒಂದೇ ಏಟಿಗೆ ಕಿತ್ತು ಹಾಕುವುದಿಲ್ಲ. ಮೊದಲು ಅದಕ್ಕೆ ಹಳತು ಎಂದು ಗುರುತು ಹಾಕುತ್ತಾರೆ. ಅದು ಕೆಲಸ ಮಾಡುತ್ತಲೇ ಇರುತ್ತದೆ, ಆದರೆ ಬಳಸಿದಾಗಲೆಲ್ಲ ಒಂದು ಎಚ್ಚರಿಕೆ ಬರುತ್ತದೆ: ಇದನ್ನು ಬಿಡಿ, ಇದರ ಬದಲು ಇಂಥದ್ದನ್ನು ಬಳಸಿ ಎಂದು. ಒಂದೆರಡು ಆವೃತ್ತಿ ಕಳೆದ ಮೇಲೆ ತೆಗೆಯುತ್ತಾರೆ. ಇದರಲ್ಲಿ ಅಕ್ಕ ಎಲ್ಲರಿಗಿಂತ ನಿಧಾನ. "ಬಾಗ್ಲು ಹಾಕೋಕೆ ಮುಂಚೆ ಒಳಗೆ ಯಾರಾದ್ರೂ ಇದ್ದಾರಾ ಅಂತ ಕೂಗಿ ನೋಡ್ಬೇಕಲ್ವಾ" ಅನ್ನುತ್ತಿದ್ದರು.

ನಾನು ಮೊದಲ ಸಲ ಅವರ ಬಾಗಿಲು ತಟ್ಟಿದ್ದು ಪನಿಯ ಕಾರಣಕ್ಕೆ. ಹುಲ್ಲಿನ ಮೇಲೆ ಬೆಳ್ಳಗೆ ಹೆಪ್ಪುಗಟ್ಟುವ ಹಿಮಕ್ಕೆ ನಾವು ಪನಿ ಎನ್ನುತ್ತೇವೆ. ಅದು ಬಿದ್ದರೆ ಟೀ ಚಿಗುರು, ಕ್ಯಾರೆಟ್ ಸೊಪ್ಪು ಎಲ್ಲ ಸುಟ್ಟ ಹಾಗೆ ಕಪ್ಪಾಗುತ್ತವೆ. ಸುತ್ತಲಿನ ಆರು ಕಡೆ ಒಬ್ಬೊಬ್ಬರು ಬೆಳಿಗ್ಗೆ ಥರ್ಮಾಮೀಟರ್ ನೋಡಿ ಬರೆದಿಡುತ್ತಿದ್ದರು. ಬೆಳೆಗಾರರ ಸಂಘದಲ್ಲಿ ಅದನ್ನೆಲ್ಲ ಒಟ್ಟು ಮಾಡಿ, ಇವತ್ತು ಸಸಿ ಮುಚ್ಚಿ ಎಂದು ಹಲಗೆಯ ಮೇಲೆ ಬರೆಯುವ ಕೆಲಸ ನನ್ನದು. ಮೂರು ಚಳಿಗಾಲದ ನೋಟ್‌ಬುಕ್‌ಗಳನ್ನು ಹೊತ್ತುಕೊಂಡು ಹೋದೆ. ಅಕ್ಕ ತಮ್ಮ ಲೈಬ್ರರಿಯಿಂದಲೇ ಒಂದು ಪ್ರೋಗ್ರಾಂ ಕಟ್ಟಿಕೊಟ್ಟರು. ಅದು ಹೇಳಿದ್ದೇನು? ತಗ್ಗಿನಲ್ಲಿರುವ ಎಮರಾಲ್ಡ್, ಮೇಲಿರುವ ಇತ್ತಲಾರಿಗಿಂತ ಬೆಚ್ಚಗಿದೆಯಂತೆ! ಪನಿ ಬೀಳುವುದೇ ತಗ್ಗಿನಲ್ಲಿ, ನಮ್ಮ ದನಗಳಿಗೂ ಗೊತ್ತು. ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಅಕ್ಕ ನಗಲಿಲ್ಲ. ನೋಟ್‌ಬುಕ್ ತಿರುವಿ ನೋಡಿ, ಎಮರಾಲ್ಡಿನಲ್ಲಿ ಥರ್ಮಾಮೀಟರ್ ನೋಡುತ್ತಿದ್ದ ಮುದುಕನ ಮನೆಗೆ ನನ್ನನ್ನು ಕರೆದುಕೊಂಡು ಹೋದರು.

"ತಾತ, ಇಲ್ಲೆಲ್ಲ ಯಾಕೆ ಖಾಲಿ ಬಿಟ್ಟಿದ್ದೀರಿ?"

"ಅನ್ನಿಕ್ಕಿ ಅಂಥಾ ಪನಿ ಅಮ್ಮಾ! ಅಂಥಾ ದಿನ ಯಾರು ಹೊರಗೆ ಕಾಲಿಡ್ತಾರೆ?"

ಅತಿ ಹೆಚ್ಚು ಚಳಿ ಬಿದ್ದ ದಿನಗಳೇ ಖಾಲಿ. ಅಕ್ಕನ ಫಂಕ್ಷನ್ ಆ ಖಾಲಿಗಳನ್ನು ಸದ್ದಿಲ್ಲದೆ ಬಿಟ್ಟು ಉಳಿದ ದಿನಗಳ ಸರಾಸರಿ ತೆಗೆದಿತ್ತು. ಮನೆಗೆ ಬಂದು ಕಂಪ್ಯೂಟರಿನ ಮುಂದೆ ಕುಳಿತು, "ಇದು ಆ ತಾತಂದಲ್ಲ, ನನ್ ತಪ್ಪು. ಖಾಲಿ ಇದ್ರೆ ನಿಂತು ಕೇಳ್ಬೇಕಿತ್ತು" ಅಂದರು. ಆ ವಾರವೇ ಆ ಫಂಕ್ಷನ್ನಿಗೆ ಹಳತು ಎಂಬ ಗುರುತು ಬಿತ್ತು. ಅದರ ಬದಲಿಗೆ ಬರೆದ ಹೊಸದು, ಪಟ್ಟಿಯಲ್ಲಿ ಖಾಲಿ ಜಾಗ ಸಿಕ್ಕ ಕೂಡಲೇ ನಿಲ್ಲುತ್ತದೆ. ಇದನ್ನು ಏನು ಮಾಡಲಿ ಎಂದು ಕೇಳುತ್ತದೆ. ಉತ್ತರ ಕೊಡುವವರೆಗೂ ಮುಂದೆ ಹೋಗುವುದಿಲ್ಲ. ಮುದುಕನ ಕೈಯಿಂದ ಥರ್ಮಾಮೀಟರಿನ ಕೆಲಸವನ್ನೂ ಅಕ್ಕನೇ ತೆಗೆದುಕೊಂಡರು. ಅಂದಿನಿಂದ ದಿನಾ ಬೆಳಿಗ್ಗೆ ಏಳಕ್ಕೆ ಮುಂಚೆ ಎಮರಾಲ್ಡಿನ ಅಂಕಿ ಅವರ ಫೋನಿನಿಂದ ನೇರವಾಗಿ ನನ್ನ ಪಟ್ಟಿಗೆ ಬಂದು ಕೂರುತ್ತಿತ್ತು.

ನನ್ನ ಕಂಪ್ಯೂಟರಿನಲ್ಲಿ ಬರುವ ಎಚ್ಚರಿಕೆಯನ್ನು ಅವರು ಕನ್ನಡದಲ್ಲೇ ಬರೆದಿದ್ದರು: "ತಮ್ಮ, ಇದು ಹಳತು. ಖಾಲಿ ಇದ್ದರೂ ಹೇಳುವುದಿಲ್ಲ. ಹೊಸದಕ್ಕೆ ಬಾ." ಹಳದಿ ಅಕ್ಷರ, ದಿನಾ ಬೆಳಿಗ್ಗೆ.

ನಾನು ಹೋಗಲಿಲ್ಲ. ಹೊಸದನ್ನು ಎರಡು ದಿನ ಹಾಕಿ ನೋಡಿದ್ದೆ. ಆರು ಜನರಲ್ಲಿ ಒಬ್ಬರು ತಡ ಮಾಡಿದರೂ ಅದು ಪಟ್ಟು ಹಿಡಿದು ನಿಂತುಬಿಡುತ್ತಿತ್ತು, ಹಲಗೆಯ ಮುಂದೆ ಜನ ನನ್ನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಮತ್ತೆ ಹಳೆಯದಕ್ಕೇ ಮರಳಿದೆ. ಅಕ್ಕ ಅದನ್ನು ತೆಗೆಯಲು ಹೊರಟಾಗ, "ಈ ಪನಿ ಕಾಲ ಮುಗೀಲಿ ಅಕ್ಕ, ಆಮೇಲೆ ತೆಗೀರಿ" ಎಂದು ಗೋಗರೆದೆ. ಅವರು ಲೈಬ್ರರಿಗೆ ಕೈಜೋಡಿಸಿದ್ದ ದೂರದೂರಿನ ಜೊತೆಗಾರರಿಗೆ, ಬೆಟ್ಟದಲ್ಲಿ ಒಬ್ಬರು ಇನ್ನೂ ಇದನ್ನೇ ನಂಬಿಕೊಂಡಿದ್ದಾರೆ, ಇನ್ನೊಂದು ಆವೃತ್ತಿ ಇರಲಿ ಎಂದು ಬರೆದರು. ಜಗತ್ತಿನ ಅಷ್ಟು ಜನರ ನಡುವೆ ನನ್ನೊಬ್ಬನಿಗಾಗಿ.

ಮುಂದಿನ ಚಳಿಗಾಲ ಬಂತು. ದಿನಾ ಬೆಳಿಗ್ಗೆ ಆ ಹಳದಿ ಸಾಲು ನೋಡಿದಾಗಲೆಲ್ಲ ನನಗೆ ಯಾರೋ ಗದರಿಸಿದಂತಾಗುತ್ತಿತ್ತು. ಕಿರಿಕಿರಿಯಾಗಿ, ಎಚ್ಚರಿಕೆಗಳನ್ನು ತೋರಿಸಬೇಡ ಎಂದು ಒಂದು ಸಾಲು ಬರೆದು ಅದನ್ನು ಮುಚ್ಚಿಬಿಟ್ಟೆ. ಅದೇ ವಾರ ಅಕ್ಕ ಫೋನಿನಲ್ಲಿ ಕೇಳಿದರು:

"ಬದ್ಲಾಯಿಸಿದ್ಯಾ ತಮ್ಮ?"

"ಆಯ್ತಕ್ಕ."

"ಸದ್ಯ. ನಂಗೊಂದು ಯೋಚ್ನೆ ತಪ್ತು."

ಇಷ್ಟು ಸಲೀಸಾಗಿ ನಾನು ಸುಳ್ಳು ಹೇಳಿದ್ದೆ.

ಜನವರಿಯ ಒಂದು ಸೋಮವಾರ ಎಮರಾಲ್ಡಿನ ಅಂಕಿ ಬರಲಿಲ್ಲ. ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ. ನನ್ನ ಪ್ರೋಗ್ರಾಂ ಉಳಿದ ಐದರ ಸರಾಸರಿ ತೆಗೆದು ಅಚ್ಚುಕಟ್ಟಾಗಿ ಮುಂದೆ ಹೋಯಿತು. ನಾನು ಹಲಗೆ ಬರೆದೆ, ಚಹಾ ಕುಡಿದೆ, ಪೇಟೆಗೆ ಹೋಗಿ ಬಂದೆ.

ಗುರುವಾರ ಬೆಳಿಗ್ಗೆ ಕ್ವಾರ್ಟರ್ಸಿನ ಹಾಲಿನಮ್ಮ ಫೋನು ಮಾಡಿದಳು. ನೆಂಟರ ಮದುವೆಗೆಂದು ಊರಿಗೆ ಹೋಗಿದ್ದವಳು ಹಿಂದಿನ ಸಂಜೆ ವಾಪಸು ಬಂದು ಬಾಗಿಲು ಬಡಿದಿದ್ದಾಳೆ. ಒಳಗೆ ಸಣ್ಣಗೆ ನರಳುವ ಸದ್ದು. ಸೋಮವಾರ ಬೆಳಿಗ್ಗೆ ಥರ್ಮಾಮೀಟರ್ ನೋಡಲು ಹೋದ ಅಕ್ಕ ಪನಿ ಬಿದ್ದ ಹುಲ್ಲಿನ ಮೇಲೆ ಜಾರಿ ಸೊಂಟ ಮುರಿದುಕೊಂಡಿದ್ದರು. ತೆವಳಿಕೊಂಡು ಒಳಗೆ ಬಂದಿದ್ದರು. ಫೋನು ಹಿತ್ತಲಲ್ಲೇ ಉಳಿದಿತ್ತು. ಆ ಹೊತ್ತಿಗಾಗಲೇ ಅವರನ್ನು ಊಟಿಯ ಆಸ್ಪತ್ರೆಗೆ ಸೇರಿಸಿಯಾಗಿತ್ತು.

ನಾನು ಹೋದಾಗ ಎಚ್ಚರವಿದ್ದರು. ಕೈಗವಸು ತೆಗೆದಿದ್ದರು. ಚಳಿಗಾಲದಲ್ಲಿ ಅವರ ಬರಿಗೈ ನೋಡಿದ್ದು ಅದೇ ಮೊದಲು.

"ಏಳು ಗಂಟೆ ಆದಾಗ್ಲೆಲ್ಲ ಅಂದ್ಕೊಳ್ತಿದ್ದೆ, ಈಗ ಅಲ್ಲಿ ಪ್ರೋಗ್ರಾಂ ನಿಂತಿರುತ್ತೆ, ಈಗ ತಮ್ಮ ನೋಡ್ತಾನೆ, ಈಗ ಬರ್ತಾನೆ ಅಂತ" ಅಂದರು. ದೂರುವ ದನಿಯಲ್ಲ. ಲೆಕ್ಕ ಎಲ್ಲಿ ತಪ್ಪಿತು ಎಂದು ನಿಜವಾಗಿಯೂ ತಿಳಿದುಕೊಳ್ಳಬೇಕೆಂದಿದ್ದವರ ಹಾಗೆ ನನ್ನ ಮುಖ ನೋಡುತ್ತಿದ್ದರು.

ಬೇರೇನಾದರೂ ಹೇಳಬಹುದಿತ್ತು. ನೆಟ್‌ವರ್ಕ್ ಇರಲಿಲ್ಲ ಅನ್ನಬಹುದಿತ್ತು, ನಮ್ಮ ಬೆಟ್ಟದಲ್ಲಿ ಯಾರಾದರೂ ನಂಬುವ ಮಾತು ಅದು. "ಅಕ್ಕ, ನಾನು ಬದ್ಲಾಯಿಸಿರ್ಲಿಲ್ಲ. ಎಚ್ಚರಿಕೆನೂ ಮುಚ್ಚಿಟ್ಟಿದ್ದೆ" ಅಂದೆ.

ಅವರು ಹೊದಿಕೆಯ ಅಂಚನ್ನು ಎಳೆದು ಸರಿಮಾಡಿಕೊಂಡರು. ಆಮೇಲೆ, "ತೆಗೀಬೇಕಾದ್ದನ್ನ ತೆಗೀದೆ ಇಟ್ಟೋಳು ನಾನೇ ಅಲ್ವಾ" ಅಂದರು. ನಾನು ಅತ್ತುಬಿಟ್ಟೆ. ಅವರು ಅಳಲಿಲ್ಲ. ಹೊರಡುವಾಗ ಕರೆದು ಹೇಳಿದರು: "ಆ ಮೂರು ದಿನಕ್ಕೆ ಅಂದಾಜು ಹಾಕ್ಬೇಡ. ಖಾಲಿನೇ ಬಿಡು."

ನಾನು ಕೂತುಕೊಳ್ಳಬೇಕಿತ್ತು. ಇನ್ನೊಂದು ಬಸ್ಸಿತ್ತು.

ಒಂಬತ್ತನೆಯ ದಿನ ಶ್ವಾಸಕೋಶಕ್ಕೆ ಸೋಂಕು ತಗುಲಿ ಅಕ್ಕ ಹೋದರು. ಗುಂಡ್ಲುಪೇಟೆ ಕಡೆಯಿಂದ ಇಬ್ಬರು ನೆಂಟರು ಬಂದಿದ್ದರು. ಕಂಡರಿಯದ ದೇಶಗಳಿಂದ ಅವರ ಹೆಸರಿಗೆ ರಾಶಿ ಪತ್ರಗಳು ಬಂದವಂತೆ. ಮಣ್ಣು ಹಾಕಲು ನಾನು, ಹಾಲಿನಮ್ಮನ ಗಂಡ, ಆ ಇಬ್ಬರು. ಹಾಲಿನಮ್ಮ ಆ ಕೈಗವಸನ್ನು ನನ್ನ ಕೈಗಿತ್ತಳು. ಅದು ನನ್ನ ಕೈಗೆ ಹಿಡಿಯುವುದಿಲ್ಲ.

ಮುಂದಿನ ಆವೃತ್ತಿಯ ಟಿಪ್ಪಣಿಯನ್ನು ಬೇರೆ ಯಾರೋ ಬರೆದರು. ಆ ಹಳೆಯ ಫಂಕ್ಷನ್ ತೆಗೆದು ಹಾಕಲಾಗಿದೆ ಎಂದು ಒಂದೇ ಸಾಲು. ಅದು ಬರುವುದಕ್ಕೆ ಮೊದಲೇ ನಾನು ಬದಲಾಯಿಸಿದ್ದೆ. ಅರ್ಧ ಗಂಟೆಯ ಕೆಲಸ. ಎರಡು ಚಳಿಗಾಲ ನಾನು ಮುಂದೂಡಿದ್ದು ಆ ಅರ್ಧ ಗಂಟೆಯನ್ನು.

ಈಗ ಐವರಲ್ಲಿ ಯಾರು ತಡ ಮಾಡಿದರೂ ಪ್ರೋಗ್ರಾಂ ನಿಲ್ಲುತ್ತದೆ, ನಾನು ಫೋನು ಮಾಡುತ್ತೇನೆ. "ಎತ್ತೆ ಇದ್ದಿಯಾ?" ಎಂದು ಮೊದಲು ಕ್ಷೇಮ ಕೇಳುತ್ತೇನೆ, ಥರ್ಮಾಮೀಟರಿನ ಮಾತು ಆಮೇಲೆ. ಮಲಗೋಕೂ ಬಿಡಲ್ಲ ಈತ ಎಂದು ಬೈಯುತ್ತಾರೆ. ಬೈದರೆ ಸಮಾಧಾನ.

ಎಮರಾಲ್ಡಿನ ಸಾಲನ್ನು ನಾನು ಪಟ್ಟಿಯಿಂದ ತೆಗೆದಿಲ್ಲ. ಅಲ್ಲಿ ನೋಡುವವರು ಈಗ ಯಾರೂ ಇಲ್ಲ. ದಿನಾ ಬೆಳಿಗ್ಗೆ ಏಳಕ್ಕೆ ಪ್ರೋಗ್ರಾಂ ಆ ಸಾಲಿಗೆ ಬಂದು ನಿಲ್ಲುತ್ತದೆ, ಎಮರಾಲ್ಡ್ ಖಾಲಿ ಇದೆ, ಏನು ಮಾಡಲಿ ಎಂದು ಕೇಳುತ್ತದೆ. ಫೋನು ಕೈಗೆತ್ತಿಕೊಂಡು, ಅಕ್ಕನ ಹೆಸರಿನವರೆಗೂ ಹೋಗಿ, ಕೆಳಗಿಡುತ್ತೇನೆ. ಆಮೇಲೆ ಖಾಲಿಯೇ ಇರಲಿ ಎಂದು ಒತ್ತುತ್ತೇನೆ.