ಹಲ್ಖಾ ಮಾಸ್ತರ

ರೇವಣಪ್ಪ ಮಾಸ್ತರನೂ ನಾನೂ ಗೆಳೆಯರಾಗಿದ್ದೆವು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚಿತ್ತಾಪುರದ ಹೈಸ್ಕೂಲಿನಲ್ಲಿ ಎರಡು ವರ್ಷ ಒಂದೇ ಕೋಣೆಯಲ್ಲಿ ಎದುರುಬದುರು ಕುರ್ಚಿಯಲ್ಲಿ ಕೂತಿದ್ದೆವು, ಅಷ್ಟೆ. ಅವನು ಗಣಿತ, ನಾನು ಇಂಗ್ಲಿಷ್. ಅವನಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ; ನನಗೆ ಅವನನ್ನು ಕಂಡರೆ ಮೈ ಉರಿಯುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅವನು ಸೇಡಂ ತಾಲ್ಲೂಕಿನ ಮುಧೋಳದವನು. ಹೈದರಾಬಾದಿನಲ್ಲಿ ಗಣಿತದ ಎಂ.ಎ. ಮಾಡಿದ್ದ. ಅವನು ಓದುವಾಗ ಅಲ್ಲಿ ಎಲ್ಲ ಪಾಠವೂ ಉರ್ದುವಿನಲ್ಲಿ. ಹೀಗಾಗಿ ಅವನ ಮನೆಮಾತು ಕನ್ನಡ, ಸಂತೆಯ ಮಾತು ತೆಲುಗು, ತಲೆಯೊಳಗಿನ ಲೆಕ್ಕ ಮಾತ್ರ ಉರ್ದು. ನಿಜಾಮನ ಆಳಿಕೆ ಮುಗಿಸಿದ ಪೊಲೀಸ್ ಆಕ್ಷನ್ ಆಗಿ ಮೂರು ವರ್ಷವಾಗಿತ್ತು. ಕಚೇರಿಯ ಕಾಗದಗಳೆಲ್ಲ ಉರ್ದು ಬಿಟ್ಟು ಇಂಗ್ಲಿಷಿಗೆ ತಿರುಗುತ್ತಿದ್ದವು. ಉಳಿದ ಮಾಸ್ತರರು ಶೇರವಾನಿಯನ್ನು ಪೆಟ್ಟಿಗೆಗೆ ಹಾಕಿ ಬಿಳಿ ಟೋಪಿ ಇಟ್ಟುಕೊಂಡರೆ ಇವನದು ಮಾತ್ರ ಅದೇ ಕರಿ ಶೇರವಾನಿ, ಬೇಸಿಗೆಯಲ್ಲೂ ಕತ್ತಿನ ಗುಂಡಿ ಬಿಚ್ಚುತ್ತಿರಲಿಲ್ಲ. ಹಲಗೆಯನ್ನು ಅಂಗೈಯಿಂದ ಒರೆಸಿ ಆ ಕೈಯನ್ನು ಎದೆಗೆ ಒರೆಸಿಕೊಳ್ಳುತ್ತಿದ್ದ. ಸಂಜೆಗೆ ಅವನ ಎದೆಯ ಮೇಲೆ ಐದು ಬೆರಳೂ ಮೂಡಿರುತ್ತಿದ್ದವು. ನಾನು ಸೊಲ್ಲಾಪುರದಲ್ಲಿ ಇಂಗ್ಲಿಷಿನಲ್ಲಿ ಬಿ.ಎ. ಮಾಡಿ ಬಂದವನು. ಕಾಲ ನನ್ನ ಕಡೆ ತಿರುಗಿತ್ತು. ಅದನ್ನು ಅವನಿಗೆ ದಿನಕ್ಕೊಮ್ಮೆಯಾದರೂ ಕಾಣಿಸದೆ ನಾನು ಬಿಡುತ್ತಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಅವನು ಒಬ್ಬನೇ ಕೂತು ಏನೋ ಬರೆಯುತ್ತಿದ್ದ. ಏನದು ಎಂದು ಒಂದು ದಿನ ಕೇಳಿದೆ. ‘ಹಲ್ಖಾ’ ಅಂದ. ಸಂಖ್ಯೆಗಳ ಒಂದು ಗುಂಪು ಇರುತ್ತದಂತೆ, ಅದರೊಳಗೆ ಕೂಡಿಸಿದರೂ ಕಳೆದರೂ ಗುಣಿಸಿದರೂ ಬರುವ ಉತ್ತರ ಆ ಗುಂಪು ಬಿಟ್ಟು ಆಚೆ ಹೋಗುವುದಿಲ್ಲವಂತೆ, ಅಂಥದಕ್ಕೆ ಉರ್ದು ಗಣಿತದಲ್ಲಿ ಹಲ್ಖಾ ಎಂದು ಹೆಸರಂತೆ. ನನಗೆ ಅಷ್ಟೇ ಸಾಕಾಯಿತು. ನಮ್ಮ ಕಡೆ ‘ಹಲ್ಕಾ’ ಅಂದರೆ ಏನು ಎಂದು ಕೂಸಿಗೂ ಗೊತ್ತು. ಕೀಳು ಮನುಷ್ಯನನ್ನು ಬೈಯುವ ಮಾತು. ಮರುದಿನ ಸ್ಟಾಫ್ ರೂಮಿನಲ್ಲಿ, ರೇವಣಪ್ಪನವರು ಹಲ್ಕಾ ಲೆಕ್ಕ ಮಾಡುತ್ತಾರೆ ಎಂದು ಹೇಳಿದೆ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ವಾರದೊಳಗೆ ಅವನು ಊರಿಗೆಲ್ಲ ಹಲ್ಕಾ ಮಾಸ್ತರ ಆದ. ಅವನು ಮೊದಮೊದಲು ‘ಖಾ’ ಎಂದು ಗಂಟಲಿನಿಂದ ಒತ್ತಿ ತಿದ್ದುತ್ತಿದ್ದ, ಆಮೇಲೆ ತಿದ್ದುವುದನ್ನೂ ಬಿಟ್ಟ.

೧೯೫೧ರ ದೀಪಾವಳಿ ಕಳೆದ ಮೇಲೆ ಅವನಿಗೆ ಹೈದರಾಬಾದಿನಿಂದ ಕಾಗದ ಬಂತು. ಅವನ ಹಳೆಯ ಪ್ರೊಫೆಸರ್ ಸಾಹೇಬರು ಬರೆದದ್ದು. ಒಂದು ಲೆಕ್ಚರರ್ ಜಾಗ ಖಾಲಿ ಇದೆ, ಜೂನ್ ಮೊದಲ ವಾರ ಕಮಿಟಿ ಕೂಡುತ್ತದೆ, ಅಷ್ಟರೊಳಗೆ ನಿನ್ನ ಲೇಖನ ಎಲ್ಲಾದರೂ ಅಚ್ಚಾಗಿರಬೇಕು, ಇಲ್ಲವೇ ಅಚ್ಚು ಮಾಡುತ್ತೇವೆಂಬ ಪತ್ರವಾದರೂ ಕೈಯಲ್ಲಿರಬೇಕು ಎಂದು. ಅದಾದರೆ ಹೈದರಾಬಾದು, ಲೈಬ್ರರಿ, ತನ್ನ ಮಾತು ತಿಳಿಯುವ ನಾಲ್ಕು ಜನ. ಅದಾಗದಿದ್ದರೆ ಸಾಯುವ ತನಕ ಎಂಟನೇ ಇಯತ್ತೆಗೆ ಬಡ್ಡಿ ಲೆಕ್ಕ. ಅವನಿಗೆ ಆಗ ಇಪ್ಪತ್ತೇಳು ವರ್ಷ.

ಎಲ್ಲಿಗೆ ಕಳಿಸುವುದು ಎಂಬ ಫಿಕರಿನಲ್ಲಿ ಅವನು ತಿಂಗಳು ಕಳೆದ. ಮೂರು ಹೆಸರು ಬರೆದ ಚೀಟಿಯನ್ನು ಶೇರವಾನಿಯ ಕಿಸೆಯಲ್ಲಿಟ್ಟುಕೊಂಡು ತಿರುಗುತ್ತಿದ್ದ. ಒಂದು, ಪ್ರೊಫೆಸರ್ ಸಾಹೇಬರೇ ನಡೆಸುತ್ತಿದ್ದ ಉರ್ದು ಪತ್ರಿಕೆ. ಅಲ್ಲಿ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತಾರೆ, ಆದರೆ ಕಮಿಟಿಯ ಹೊಸ ಮಂದಿಗೆ ಉರ್ದು ಓದಲು ಬಾರದು, ಬಂದರೂ ಓದುವುದಿಲ್ಲ. ಎರಡನೆಯದು ಲಂಡನ್. ಅಲ್ಲಿ ಒಮ್ಮೆ ಅಚ್ಚಾದರೆ ಎದುರು ಮಾತಾಡುವವರಿಲ್ಲ, ಆದರೆ ಸರದಿ ಬರಲು ಎರಡು ವರ್ಷ. ಮೂರನೆಯದು ಕಲಕತ್ತೆಯ ಪತ್ರಿಕೆ. ಅವರು ನಾಲ್ಕು ತಿಂಗಳಲ್ಲಿ ಹೌದೋ ಅಲ್ಲವೋ ತಿಳಿಸುತ್ತಾರೆ, ಹೊರಗಿನವರು ಓದುತ್ತಾರೆ. ಆದರೆ ಇಂಗ್ಲಿಷಿನಲ್ಲಿ ಬರೆದಿರಬೇಕು. ಅವನ ಇಂಗ್ಲಿಷು ಓದುವಷ್ಟಕ್ಕೆ ಮಾತ್ರ ಇತ್ತು.

ಹೀಗಾಗಿ ನನ್ನ ಹತ್ತಿರ ಬಂದ. ಬೇರೆ ದಾರಿ ಇದ್ದಿದ್ದರೆ ಬರುವ ಪೈಕಿ ಅವನಲ್ಲ. ಕುಂದ್ರಿ ಎಂದು ಕೂಡ ನಾನು ಹೇಳಲಿಲ್ಲ. ಅವನು ನಿಂತೇ ಕೇಳಿದ. ಮಾಡಿಕೊಡುತ್ತೇನೆ ಎಂದೆ. ಕನಿಕರದಿಂದಲ್ಲ, ಅವನು ನನ್ನನ್ನು ಕೇಳಬೇಕಾಯಿತಲ್ಲ ಎಂಬ ಖುಷಿಗೆ.

ಶಹಾಬಾದಿನಿಂದ ಒಳ್ಳೆಯ ಕಾಗದ ತರಿಸಿದೆ. ಆರು ಭಾನುವಾರ ಅವನ ಮನೆಯಲ್ಲಿ ಕೂತೆವು. ಅವನ ಹೆಂಡತಿ ಭಾಗಮ್ಮ ಚಹಾ ತಂದಿಟ್ಟು ಒಳಗೆ ಹೋಗುತ್ತಿದ್ದಳು. ಅವನು ಉರ್ದುವಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಿದ್ದ, ನಾನು ಇಂಗ್ಲಿಷಿನಲ್ಲಿ ಕಚ್ಚಾ ಪ್ರತಿ ಬರೆಯುತ್ತಿದ್ದೆ. ಪ್ರತಿ ಸಾಲಿಗೂ ತಕ್ರಾರು. ಹಲ್ಖಾ ಬಂದಲ್ಲೆಲ್ಲ ಅವನು ‘ರಿಂಗ್’ ಎಂದು ಬರೆಸಿದ. ರಿಂಗ್ ಅಂದರೆ ಬೆರಳಿನ ಉಂಗುರ, ಓದಿದವರು ಬರೆಯುವ ಮಾತೇ ಅದು? ಎಂದು ನಾನು ಹೇಳಿದೆ. ಇಂಗ್ಲಿಷ್ ಪುಸ್ತಕದಲ್ಲಿ ಹಾಗೇ ಇದೆ ಎಂದು ಅವನು. ಪುಸ್ತಕ ತೋರಿಸು ಎಂದರೆ ಅದು ಹೈದರಾಬಾದಿನ ಲೈಬ್ರರಿಯಲ್ಲಿದೆ. ಹೀಗೆ ಕೊನೆಯ ಭಾನುವಾರ ಕಚ್ಚಾ ಪ್ರತಿ ಮುಗಿಯಿತು. ಅವನು ಹಾಳೆ ಹಾಳೆಯನ್ನೂ ತಪಾಸಣೆ ಮಾಡಿ ಕೆಳಗಿಟ್ಟ.

‘ಅಕ್ಷರ ಛಲೋ ಅವ ನಿಮ್ಮವು,’ ಅಂದ. ‘ಇದನ್ನ ಇದ್ದದ್ದು ಇದ್ದಂಗ ನಕಲು ಮಾಡ್ರಿ. ತಲಿ ಓಡಿಸಲಿಕ್ಕ ಹೋಗಬ್ಯಾಡ್ರಿ. ನಿಮ್ಮದು ಅರ್ಜಿ ಬರಿಯೋ ಇಂಗ್ಲಿಷ್ ಅದ.’

ಒಳಗಿನಿಂದ ಭಾಗಮ್ಮ ಕೇಳಿಸಿಕೊಂಡಳು ಎಂದು ನನಗೆ ಖಾತ್ರಿ. ನನ್ನ ಮುಖ ಕೆಂಪಗಾಯಿತು. ಆರು ವಾರ ಬಿಟ್ಟಿ ದುಡಿದವನಿಗೆ ಇವನ ಮರ್ಯಾದೆ ಇದು.

ಅದೇ ವಾರ ಅವನಿಗೆ ಚಿಂಚೋಳಿಗೆ ವರ್ಗದ ಹುಕುಂ ಬಂತು. ಎರಡು ದಿನದಲ್ಲಿ ಹೊರಡಬೇಕು. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ, ಶುದ್ಧ ಪ್ರತಿ ಮಾಡಿ ವಾಡಿಯಿಂದ ರಿಜಿಸ್ಟರ್ ಮಾಡಿಬಿಡಿ ಎಂದು ನನಗೇ ಹೇಳಿ ಹೋದ. ತಾನು ಬಂದು ನೋಡುವ ತನಕ ಕಾಯಬೇಡಿ, ಒಂದೊಂದು ವಾರವೂ ಮುಖ್ಯ ಎಂದ. ಮತ್ತೆ ನೋಡಿದರೆ ಮತ್ತೆ ಜಗಳ ಎಂದೂ ಸೇರಿಸಿದ.

ನಾನು ನಕಲು ಮಾಡಲು ಕೂತ ದಿನ ತಹಶೀಲ ಕಚೇರಿಯ ಗುಮಾಸ್ತ ಹಾಜಿಮಲಂಗ್ ಮನೆಗೆ ಬಂದಿದ್ದ. ಹಳೆಯ ಉರ್ದು ದಫ್ತರಗಳನ್ನು ಇಂಗ್ಲಿಷಿಗೆ ಇಳಿಸುವ ಕೆಲಸ ಅವನದು. ಶಬ್ದಕ್ಕೆ ಅಡಚಣೆಯಾದಾಗ ನನ್ನನ್ನು ಕೇಳುತ್ತಿದ್ದ. ಆ ದಿನ ನಾನು ಅವನನ್ನು ಕೇಳಿದೆ. ಹಲ್ಖಾ ಅಂದರೆ ಇಂಗ್ಲಿಷಿನಲ್ಲಿ ಏನು?

‘ಸರ್ಕಲ್ ರೀ,’ ಅಂದ ಹಾಜಿಮಲಂಗ್. ‘ಕಂದಾಯದ ಹಳ್ಳಿಗಳ ಗುಂಪಿಗೆ ಗಿರದಾವರ ಹಲ್ಖಾ ಅಂತಿದ್ವಲ್ಲ, ಈಗ ರೆವಿನ್ಯೂ ಸರ್ಕಲ್ ಅಂತ ಬರೀಲಿಕತ್ತೀವಿ. ಸರ್ಕಾರದ ಹುಕುಂ ಅದ.’

ಹುಕುಂ ಇತ್ತು, ನಿಜ. ಹಾಜಿಮಲಂಗನ ಕಚೇರಿಯ ಮಟ್ಟಿಗೆ ಅವನು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ. ನನಗೆ ಮಾತ್ರ ಹಬ್ಬವಾಯಿತು. ಸರ್ಕಾರವೇ ಹಲ್ಖಾ ಅಂದರೆ ಸರ್ಕಲ್ ಎಂದು ಬರೆಯುವಾಗ ಈ ಮುಧೋಳದವನು ಉಂಗುರ ಎಂದು ಬರೆಸುತ್ತಾನೆ, ಮೇಲೆ ನನಗೆ ಅರ್ಜಿ ಇಂಗ್ಲಿಷ್ ಅನ್ನುತ್ತಾನೆ! ಲೇಖನ ಅಚ್ಚಾಗಿ ಬರಲಿ, ಅದರಲ್ಲಿ ನನ್ನ ಶಬ್ದ ಕಣ್ಣಿಗೆ ಹೊಡೆಯಲಿ, ಯಾರ ಇಂಗ್ಲಿಷ್ ಎಂಥದು ಎಂದು ಆಗ ತಿಳಿಯುತ್ತದೆ ಎಂದುಕೊಂಡೆ. ಹದಿನಾರು ಹಾಳೆಯ ಉದ್ದಕ್ಕೂ ರಿಂಗ್ ಇದ್ದಲ್ಲೆಲ್ಲ ಸರ್ಕಲ್ ಬರೆದೆ. ದುಂಡಗೆ, ಮುದ್ದಾಗಿ ಬರೆದೆ. ಸೂತ್ರಗಳನ್ನು ಚಿತ್ರ ತೆಗೆದ ಹಾಗೆ ತೆಗೆದೆ. ಸೋಮವಾರ ಪ್ಯಾಸೆಂಜರ್ ಗಾಡಿಯಲ್ಲಿ ವಾಡಿಗೆ ಹೋಗಿ ರಿಜಿಸ್ಟರ್ ಮಾಡಿ ಬಂದೆ.

ಏಪ್ರಿಲ್ ಕೊನೆಗೆ ಉತ್ತರ ಬಂತು. ಲೇಖನದ ಮೇಲೆ ಇದ್ದದ್ದು ಚಿತ್ತಾಪುರದ ವಿಳಾಸ, ಹಾಗಾಗಿ ಪಾಕೀಟು ನನ್ನ ಮೇಜಿಗೆ ಬಂತು. ಅವನ ಹೆಸರಿನ ಪಾಕೀಟು. ಒಡೆಯಬಾರದಿತ್ತು, ಒಡೆದೆ. ಹದಿನಾರು ಹಾಳೆಯೂ ವಾಪಸು ಬಂದಿದ್ದವು. ಜೊತೆಗೆ ನಾಲ್ಕು ಸಾಲಿನ ಪತ್ರ. ಲೇಖಕರು ಒಂದು ಸರ್ಕಲನ್ನು ಇನ್ನೊಂದು ಸರ್ಕಲಿನಿಂದ ಗುಣಿಸುತ್ತಾರೆ, ಸರ್ಕಲಿನೊಳಗೆ ಸೊನ್ನೆಯನ್ನು ಹುಡುಕುತ್ತಾರೆ. ರೇಖಾಗಣಿತದ ಮೊದಲ ಪಾಠವನ್ನು ಅವರು ಇನ್ನೊಮ್ಮೆ ಓದುವುದು ಒಳ್ಳೆಯದು, ಲೇಖನವನ್ನು ಮುಂದೆ ಪರಿಶೀಲಿಸಲು ಸಾಧ್ಯವಿಲ್ಲ ಎಂದಿತ್ತು. ಮೊದಲ ಹಾಳೆಯಲ್ಲಿ ನನ್ನ ಮುದ್ದಾದ ಸರ್ಕಲ್ ಶಬ್ದದ ಸುತ್ತ ಕೆಂಪು ಪೆನ್ಸಿಲಿನಿಂದ ಒಂದು ಗುಂಡು ಎಳೆದಿದ್ದರು. ತಾಳ್ಮೆಯಿಂದ ಮೂರು ಹಾಳೆ ಓದಿದ್ದರೆ ಇದು ರಿಂಗ್ ಆಗಬೇಕಿತ್ತು ಎಂದು ಅವರಿಗೆ ಹೊಳೆಯುತ್ತಿತ್ತೇನೋ. ಹೆಸರೇ ಕೇಳದ ಚಿತ್ತಾಪುರದ ಹೈಸ್ಕೂಲ್ ಮಾಸ್ತರನಿಗೆ ಅಷ್ಟು ತಾಳ್ಮೆ ಯಾರು ಖರ್ಚು ಮಾಡುತ್ತಾರೆ?

ಪತ್ರವನ್ನು ಸುಟ್ಟು, ಉತ್ತರವೇ ಬರಲಿಲ್ಲ ಎಂದುಬಿಡಲೇ ಎಂದು ಎರಡು ದಿನ ಯೋಚಿಸಿದೆ. ಅದನ್ನೂ ಬರೆದುಬಿಡುತ್ತೇನೆ, ಬಚ್ಚಿಟ್ಟು ಏನು ಮಾಡಲಿ. ಮೂರನೆಯ ದಿನ ಸೇಡಂ ತನಕ ರೈಲು, ಅಲ್ಲಿಂದ ಬಸ್ಸು ಹಿಡಿದು ಹೋದೆ. ಅವನು ಚಿಂಚೋಳಿಗೆ ಹೊಂದಿಕೊಂಡಿರುವ ಚಂದಾಪುರದಲ್ಲಿ ಒಂದು ಕೋಣೆ ಹಿಡಿದಿದ್ದ. ಬಾಗಿಲಲ್ಲಿ ಭಾಗಮ್ಮ ಇದ್ದಳು. ಹಿಂದೆ ಗೋಡೆಗೆ ಒತ್ತಿ ಇಟ್ಟ ಸಾಮಾನಿನ ಗಂಟುಗಳು ಕಟ್ಟಿದ ಹಾಗೇ ಇದ್ದವು.

‘ಬರ್ರಿ ಅಣ್ಣಾವ್ರ,’ ಅಂದಳು. ‘ಪತ್ರ ಬಂತೇನ್ರಿ? ಹೈದರಾಬಾದಿಗೆ ಹೋಗೂದೇ ಅದಲ್ಲ ಅಂತ ನಾ ಗಂಟು ಬಿಚ್ಚಿಲ್ರಿ.’

ನಾನು ಪಾಕೀಟು ಹೊರಗೆ ತೆಗೆದೆ. ರೇವಣಪ್ಪ ಒಳಗಿನಿಂದ ಬಂದು ಪಾಕೀಟು ಇಸಿದುಕೊಂಡ. ಒಡೆದ ಬಾಯಿಯನ್ನು ನೋಡಿದ. ಪತ್ರ ಓದಿದ. ಅವನಿಗೆ ಮೊದಲು ಅರ್ಥವಾಗಲಿಲ್ಲ, ಮತ್ತೆ ಓದಿದ. ಆಮೇಲೆ ಹಾಳೆ ತಿರುವಿದ. ಒಂದು, ಎರಡು, ಹದಿನಾರೂ ತಿರುವಿದ. ಒಂದೊಂದು ಸರ್ಕಲಿನ ಮೇಲೂ ಬೆರಳು ಇಡುತ್ತ ಹೋದ. ನಾನು ಹಾಜಿಮಲಂಗನ ಹೆಸರು ಎತ್ತಿದೆ, ಸರ್ಕಾರದ ಹುಕುಮಿನ ಮಾತು ತೆಗೆದೆ, ಈಗಲೂ ತಿದ್ದಿ ಕಳಿಸಬಹುದು ಎಂದೆ. ಜೂನ್‌ಗೆ ಐದು ವಾರ ಉಳಿದಿತ್ತು, ಕಲಕತ್ತೆಯವರಿಗೆ ನಾಲ್ಕು ತಿಂಗಳು ಬೇಕು. ಅದು ಇಬ್ಬರಿಗೂ ಗೊತ್ತಿತ್ತು.

ಅವನು ಹಾಳೆಗಳನ್ನು ಒಟ್ಟು ಮಾಡಿ ನನ್ನ ಕೈಗೆ ವಾಪಸು ಕೊಟ್ಟ. ದನಿ ಏರಿಸಲಿಲ್ಲ. ಬಹುವಚನವನ್ನೂ ಬಿಡಲಿಲ್ಲ.

‘ಹಲ್ಖಾ ಅಂದ್ರ ರಿಂಗ್ ರೀ ಗುರುಲಿಂಗಯ್ಯನವರ,’ ಅಂದ. ‘ಹಲ್ಕಾ ಅಂದ್ರ ನೀವು.’

ಖಾ, ಕಾ ಎರಡನ್ನೂ ಬೇರೆ ಬೇರೆಯಾಗಿ, ಸ್ಪಷ್ಟವಾಗಿ ಅಂದ. ಭಾಗಮ್ಮ ಗಂಟುಗಳ ಕಡೆ ನೋಡಿದಳು. ನಾನು ಬಸ್ಸಿಗೆ ಬಂದೆ.

ಲೆಕ್ಚರರ್ ಜಾಗ ಬೇರೆ ಯಾರಿಗೋ ಆಯಿತು. ಅವನು ಲೇಖನವನ್ನು ತನ್ನ ಕೈಯಿಂದಲೇ ಉರ್ದುವಿನಲ್ಲಿ ಬರೆದು ಪ್ರೊಫೆಸರ್ ಸಾಹೇಬರ ಪತ್ರಿಕೆಗೆ ಕಳಿಸಿದನಂತೆ. ಎರಡು ವರ್ಷದ ಮೇಲೆ ಅದು ಅಚ್ಚಾಯಿತು, ಅದೇ ಆ ಪತ್ರಿಕೆಯ ಕೊನೆಯ ಸಂಚಿಕೆಯೂ ಆಯಿತು. ಅವನು ಇನ್ನೂ ಚಿಂಚೋಳಿಯಲ್ಲೇ ಇದ್ದಾನೆ, ಎಂಟನೇ ಇಯತ್ತೆಗೆ ಬಡ್ಡಿ ಲೆಕ್ಕ ಹೇಳುತ್ತಾನೆ. ಪತ್ರಿಕೆಯನ್ನು ಅವನು ಸರಿಯಾಗಿಯೇ ಆರಿಸಿದ್ದ. ನಕಲು ಮಾಡುವವನನ್ನು ಆರಿಸುವಾಗ ಎಡವಿದ.

ಈಗ ೧೯೫೬. ಹೈದರಾಬಾದ್ ಸಂಸ್ಥಾನ ಒಡೆದು ನಾವು ಮೈಸೂರಿಗೆ ಸೇರುತ್ತಿದ್ದೇವೆ, ಕಾಗದಗಳ ಭಾಷೆ ಮತ್ತೆ ಬದಲಾಗುತ್ತದಂತೆ. ಹದಿನಾರು ಹಾಳೆ ನನ್ನ ಮೇಜಿನ ಖಾನೆಯಲ್ಲಿವೆ. ಕಲಕತ್ತೆಯವರು ಅವನ ಲೆಕ್ಕ ತಪ್ಪೆಂದು ತಿರುಗಿಸಿ ಕಳಿಸಿದರು ಎಂದೇ ಚಿತ್ತಾಪುರದವರೆಲ್ಲ ತಿಳಿದಿದ್ದಾರೆ. ಮಾತು ಬಂದಾಗೆಲ್ಲ ಅವನನ್ನು ಹಲ್ಕಾ ಮಾಸ್ತರ ಎಂದೇ ಕರೆದು ನಗುತ್ತಾರೆ. ಹುಡುಗರ ವಹಿಯಲ್ಲಿ ಒಂದು ಅಕ್ಷರ ಅತ್ತಿತ್ತ ಆದರೆ ಕೆಂಪು ಶಾಯಿ ತೆಗೆಯುವ ನಾನು, ಇದನ್ನು ಮಾತ್ರ ಇವತ್ತಿನ ತನಕ ತಿದ್ದಿಲ್ಲ.