ದೊಡ್ಡವ್ವನ ಹೆಬ್ಬೆರಳಿನ ಗುರುತು

ಹಳೆಯ ಟ್ರಂಕನ್ನು ಬಿಸಿಲಿಗೆ ಇಡೋಣವೆಂದು ಮೊನ್ನೆ ತೆರೆದೆ. ತಳದಲ್ಲಿ ನನ್ನ ಪ್ರೌಢ ಪ್ರಬಂಧ ಸಿಕ್ಕಿತು, ಇಂಗ್ಲೆಂಡಿನಲ್ಲಿ ಕೂತು ಬರೆದದ್ದು. ಅದನ್ನು ಪೂರ್ತಿ ಓದಿದವರು ಇಬ್ಬರು ಪರೀಕ್ಷಕರು ಮತ್ತು ಹುಳುಗಳು; ಹುಳುಗಳೇ ಹೆಚ್ಚು ಶ್ರದ್ಧೆಯಿಂದ ಓದಿದಂತೆ ಕಾಣುತ್ತದೆ. ಕೃತಜ್ಞತೆಯ ಪುಟವನ್ನು ಮಾತ್ರ ಮುಟ್ಟಿಲ್ಲ. ಅಲ್ಲೊಂದು ಹೆಬ್ಬೆರಳಿನ ಕಂದು ಗುರುತು ಹಾಗೇ ಇದೆ.

ಅದು ನನ್ನ ದೊಡ್ಡವ್ವನದು, ಎಂದರೆ ಅಪ್ಪನ ಅಣ್ಣನ ಹೆಂಡತಿಯದು. ಕೊಡಗು ಇನ್ನೂ ತನ್ನದೇ ಮಂತ್ರಿಗಳಿದ್ದ ಪುಟ್ಟ ರಾಜ್ಯವಾಗಿದ್ದ ಕಾಲ. ಸುಂಟಿಕೊಪ್ಪದ ಹತ್ತಿರದ ಎಸ್ಟೇಟಿನಲ್ಲಿ ಅಪ್ಪ ಲೆಕ್ಕ ಬರೆಯುವ ರೈಟರು. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡ ದೊಡ್ಡವ್ವ ಅಲ್ಲೇ ಕಣದಲ್ಲಿ ಕಾಫಿ ಒಣಗಿಸುವ ಆಳು. ಬೀಜ ಒಣಗಿತೋ ಇಲ್ಲವೋ ಎಂದು ತೀರ್ಮಾನಿಸುತ್ತಿದ್ದದ್ದು ಎಸ್ಟೇಟಿನ ಬಿಳಿ ದೊರೆಯಲ್ಲ, ಅವಳ ಹಲ್ಲು. ಒಂದು ಬೀಜ ಕಚ್ಚುವಳು. ಹಲ್ಲು ಇಳಿದರೆ, "ಇನ್ನೂ ಎರಡ್ ಬಿಸ್ಲ್ ಬೇಕು" ಎನ್ನುವಳು. ಕಣದಲ್ಲೇ ಆಡಿ ಬೆಳೆದ ನನಗೂ ಆ ಚಟ ಅಂಟಿತು. ಹಸಿ ಕಾಫಿ ಬೀಜ ಕಚ್ಚಿ ನೋಡಿದ್ದೀರಾ? ರುಚಿಗಾಗಿ ಯಾರೂ ಆ ಕೆಲಸ ಮಾಡುವುದಿಲ್ಲ.

ಅರ್ಜಿಯಲ್ಲಿ ರಾಜ್ಯ ಎಂಬಲ್ಲಿ 'ಕೂರ್ಗ್' ಎಂದು ಬರೆದು ಇಂಗ್ಲೆಂಡಿಗೆ ಓದಲು ಹಡಗು ಹತ್ತಿದವನು ನಾನು. ಅಲ್ಲಿನವರಿಗೆ ನಕ್ಷೆಯಲ್ಲಿ ತೋರಿಸಹೋದರೆ ಊರೆಲ್ಲ ನನ್ನ ಬೆರಳಡಿಗೆ ಮುಚ್ಚಿಹೋಗುತ್ತಿತ್ತು. ಸಿಕ್ಕ ವಿಷಯವೂ ಊರಿನದೇ: ಸಾಗಿಸುವ ಕಾಫಿಗೆ ಬೂಷ್ಟು ಏಕೆ ಹಿಡಿಯುತ್ತದೆ? ಪ್ರಯೋಗಾಲಯದ ತುಂಬ ತೂಗಿ, ನಂಬರು ಹಚ್ಚಿಟ್ಟ ಜಾಡಿಗಳು. ಒಂದು ಮಧ್ಯಾಹ್ನ, ಮನೆಯ ನೆನಪೋ ಹಸಿವೋ, ಏಳನೆಯ ಜಾಡಿಯಿಂದ ಬೀಜ ತೆಗೆದು ಕಚ್ಚಿಬಿಟ್ಟೆ. ಹಿಂದೆಯೇ ಪ್ರೊಫೆಸರರು ನಿಂತಿದ್ದರು. ಉಗುಳುವುದೋ ನುಂಗುವುದೋ ತಿಳಿಯದೆ ನುಂಗಿದೆ.

"ತೂಕ ಮಾಡಿಟ್ಟದ್ದನ್ನು ತಿನ್ನುವ ವಿದ್ಯಾರ್ಥಿಯನ್ನು ಇವತ್ತೇ ನೋಡಿದ್ದು" ಎಂದರು.

"ಇದು ಒಣಗಿಲ್ಲ ಸಾರ್" ಎಂದೆ. ತೇವ ಅಳೆಯುವ ಯಂತ್ರ ಮಾತ್ರ 'ಒಣಗಿದೆ' ಎಂದಿತ್ತು. ಹತ್ತು ದಿನಕ್ಕೆ ಅದೇ ಜಾಡಿಗೆ ಬೂಷ್ಟು ಬಂತು, ಯಂತ್ರವೇ ಕೆಟ್ಟಿತ್ತು.

"ನಿಮಗೆ ಇದನ್ನು ಯಾರು ಕಲಿಸಿದರು?" ಪ್ರೊಫೆಸರರು ಬರೆದುಕೊಳ್ಳಲು ಪೆನ್ನು ತೆರೆದು ಕೇಳಿದರು.

"ಯಾರೂ ಇಲ್ಲ, ನಾನೇ ಕಂಡುಕೊಂಡದ್ದು" ಎಂದುಬಿಟ್ಟೆ. ನನ್ನ ದೊಡ್ಡವ್ವ ಕಣದ ಆಳು ಎಂದು ಆ ಕೋಟು ಟೈಗಳ ನಡುವೆ ಹೇಳಲು ನಾಚಿಕೆಯಾಯಿತು. ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. ಮನೆಗೆ ಬರೆದ ಕಾಗದದಲ್ಲಿ ಮಾತ್ರ, ದೊಡ್ಡವ್ವನ ಹಲ್ಲು ಇಂಗ್ಲೆಂಡಿನ ಯಂತ್ರವನ್ನು ಸೋಲಿಸಿತು ಎಂದು ಜಂಬ ಕೊಚ್ಚಿದ್ದೆ. ಅಪ್ಪ ಅದನ್ನು ಕಣದಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಓದಿದರಂತೆ. ಅಂದಿನಿಂದ ದೊಡ್ಡವ್ವನಿಗೆ, ನನ್ನ ಪುಸ್ತಕದಲ್ಲಿ ತನ್ನ ಹೆಸರು ಇದ್ದೇ ಇರುತ್ತದೆ ಎಂಬ ನಂಬಿಕೆ.

ನಾನು ಊರಿಗೆ ಬಂದ ದಿನ ದೊಡ್ಡವ್ವ ಕಣದಿಂದ ನೇರವಾಗಿ ಓಡಿಬಂದಳು. ಕೈ ತೊಳೆಯುವಷ್ಟೂ ತಾಳ್ಮೆ ಇರಲಿಲ್ಲ.

"ಆ ಬುಕ್ಕ್ ಎಲ್ಲಿ ಮಗ? ನನ್ನ ಹೆಸ್ರ್ ಎಲ್ಲಿ ಉಟ್ಟು, ತೋರ್ಸ್." ನಮ್ಮ ಮನೆಮಾತಿನಲ್ಲಿ 'ಉಟ್ಟು' ಎಂದರೆ 'ಇದೆ'.

ಕನ್ನಡವಾದರೆ ಅವಳು ಅಕ್ಷರ ಕೂಡಿಸಿ ಓದುತ್ತಿದ್ದಳು; ಇದು ಇಂಗ್ಲಿಷು. ನಿಜ ಹೇಳಲು ಆಗಲೂ ಅವಕಾಶವಿತ್ತು. ಕೃತಜ್ಞತೆಯ ಪುಟ ತೆರೆದೆ; ನನ್ನ ಬೆರಳು ಹೋಗಿ ಪ್ರೊಫೆಸರರ ಹೆಸರಿನ ಮೇಲೆ ಕೂತಿತು. "ಇಲ್ಲಿ" ಎಂದೆ. ಡಿಗ್ರಿಗಳೆಲ್ಲ ಸೇರಿ ಅದು ಒಂದು ಸಾಲು ತುಂಬಿತ್ತು.

"ಇಷ್ಟ್ ಉದ್ದ ಉಟ್ಟಾ ನನ್ನ ಹೆಸ್ರ್!" ಎಂದು ನಕ್ಕಳು. ಹೆಬ್ಬೆರಳಿನಿಂದ ಅದನ್ನು ಸವರಿ, ಬೆರಳನ್ನು ಕಣ್ಣಿಗೆ ಒತ್ತಿಕೊಂಡಳು. ಮುಂದಿನ ವಾರ ಸಂತೆಯಲ್ಲಿ ಕಂಡವರಿಗೆಲ್ಲ ಹೇಳಿದಳು. ಅವಳು ತೀರಿಕೊಳ್ಳುವವರೆಗೂ ನಾನು ಬಾಯಿ ಬಿಡಲಿಲ್ಲ.

ಈಗ ನನ್ನದು ಕಟ್ಟಿಸಿಕೊಂಡ ಹಲ್ಲು, ಬೀಜ ಕಚ್ಚುವಂತಿಲ್ಲ. ಮೊನ್ನೆ ಪ್ರಬಂಧವನ್ನು ಮತ್ತೆ ಟ್ರಂಕಿಗೆ ಹಾಕಹೊರಟವನು ನಿಂತು, ಒಳಗಿನಿಂದ ಪೆನ್ನು ತಂದೆ. ಆ ಗುರುತಿನ ಪಕ್ಕದಲ್ಲಿ ಕನ್ನಡದಲ್ಲಿ ಬರೆದೆ: ಪೂವಮ್ಮ. ಮೂರೇ ಅಕ್ಷರ. ಅವಳಿದ್ದಿದ್ದರೆ ಕೂಡಿಸಿಕೊಂಡು ಓದುತ್ತಿದ್ದಳು. ಓದಿ, ನನ್ನ ಮುಖ ನೋಡಿ ಕೇಳುತ್ತಿದ್ದಳು: "ಹಂಗಾರೆ ನೀ ಅಂದ್ ತೋರ್ಸಿದ್ ಯಾರ ಹೆಸ್ರ್, ಮಗ?"