ಲಿಂಗ ಹಿಡಿಯುವ ಕೈ

ಪುಟ್ಟಿ, ಮರಿ, ಕಡೂರಿನ ಹಾಸ್ಟೆಲಿನಲ್ಲಿ ಕೂತು "ಅಜ್ಜಿ ಯಾಕೆ ಮೆಸೇಜ್ ಹಾಕ್ತಿಲ್ಲ" ಎಂದು ನಿಮ್ಮಮ್ಮನನ್ನು ಕೇಳಿದಿರಂತೆ. ನಿಮ್ಮ ಮೇಲೆ ಕೋಪವೇನಿಲ್ಲ. ಎಡಗೈ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ನೋವು. ಬಲಗೈ ಚೆನ್ನಾಗಿದೆ, ಅದಕ್ಕೇ ಪೆನ್ನು ಹಿಡಿದಿದ್ದೇನೆ.

ನನಗೆ ಮೊದಲಿನಿಂದಲೂ ಮಾತು ಕಡಿಮೆ. ನಿಮ್ಮ ತಾತ ಹೋದ ಮೇಲೆ ಇನ್ನೂ ಕಡಿಮೆಯಾಯಿತು. ಫೋನಿನಲ್ಲಿ ನನ್ನ ದನಿ ನಾನೇ ಕೇಳಿದರೂ ನಾಚಿಕೆ. ನೀವು ಹೇಳಿಕೊಟ್ಟರೂ ಮಾತಾಡಿ ಕಳಿಸುವುದು ನನ್ನಿಂದಾಗಲಿಲ್ಲ, ಅಕ್ಷರ ಒತ್ತುವುದೇ ಹಿತವಾಗಿತ್ತು. ಒಲೆಯ ಮುಂದೆ ಬಲಗೈಯಲ್ಲಿ ಸೌಟು, ಎಡಗೈಯಲ್ಲಿ ಫೋನು, ಹೆಬ್ಬೆರಳಲ್ಲೇ ಬರವಣಿಗೆ. ಮಧ್ಯಾಹ್ನ ಮಲಗಿ ಫೋನಿನಲ್ಲೇ ಧಾರಾವಾಹಿ ನೋಡುವಾಗಲೂ ಅದೇ ಕೈ.

ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು ಪೂಜಿಸುವುದು ನಮ್ಮ ಪದ್ಧತಿ. ದೀಕ್ಷೆಯಾದಾಗಿನಿಂದ ನಾನದನ್ನು ಬಿಟ್ಟವಳಲ್ಲ. ಒಂದು ಬೆಳಿಗ್ಗೆ ವಿಭೂತಿ ಹಚ್ಚಿ ಕೈಯನ್ನು ಎದೆಮಟ್ಟಕ್ಕೆ ಎತ್ತಿದೆ. ಮಣಿಕಟ್ಟು ಚಳಕ್ಕೆಂದಿತು, ಅಂಗೈ ವಾಲಿತು, ಲಿಂಗ ಜಾರಿತು. ಬಲಗೈಯಿಂದ ಸೆರಗಿನ ಮೇಲೇ ಒತ್ತಿ ಹಿಡಿದುಕೊಂಡೆ. ನೆಲ ಮುಟ್ಟಲಿಲ್ಲ.

ನಿಮ್ಮಮ್ಮ ಬಾಗಿಲಲ್ಲಿ ನಿಂತು ನೋಡಿಬಿಟ್ಟಿದ್ದಳು.

"ತಟ್ಟೇಲಿಟ್ಟು ಮಾಡಿ ಅತ್ತೆ. ಶಿವ ಏನೂ ಅನ್ಕಳಲ್ಲ."

"ಶಿವ ಅನ್ಕಳಲ್ಲ ಕಣೇ. ನನ್ಗೇ ಒಪ್ಪಲ್ಲ."

ವಯಸ್ಸಿನ ನೋವೆಂದು ನಾನು ಎಣ್ಣೆ ತಿಕ್ಕುತ್ತಿದ್ದೆ. ಅವಳು ಕೇಳಲಿಲ್ಲ, ಅಜ್ಜಂಪುರದಿಂದ ಬಸ್ಸು ಹತ್ತಿಸಿ ತರೀಕೆರೆಗೆ ಕರೆದುಕೊಂಡು ಹೋದಳು. ಡಾಕ್ಟರು ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಕಟ್ಟಿಸಿ, ಕಿರುಬೆರಳ ಕಡೆಗೆ ಬಗ್ಗಿಸಲು ಹೇಳಿದರು. ನಾನು ಕೂಗಿದ್ದು ಹೊರಗೆ ಬೆಂಚಿನ ಮೇಲೆ ಕೂತವರಿಗೂ ಕೇಳಿಸಿತು.

"ಮೊಬೈಲ್ ಜಾಸ್ತಿ ನೋಡ್ತೀರಾ ಅಮ್ಮ?"

"ಇಲ್ಲ" ಎಂದೆ.

"ಅಯ್ಯೋ ಅತ್ತೆ! ಧಾರಾವಾಹೀಲಿರೋ ಸೊಸೇನ ದಿನಾ ಬೈಯೋರು ಯಾರು ಹಂಗಾದ್ರೆ, ಪಕ್ಕದ್ಮನೆಯೋರಾ?" ಎಂದಳು ನಿಮ್ಮಮ್ಮ.

ಡಾಕ್ಟರೂ ನಕ್ಕರು. ನಾನು ತಲೆ ತಗ್ಗಿಸಿದೆ. ಹೆಬ್ಬೆರಳನ್ನು ಎಳೆಯುವ ನಾರುಗಳು ಬಾತಿವೆ, ಆ ಕೈಗೆ ಫೋನು ಬೇಡ, ಪಟ್ಟಿ ಹಾಕಿಕೊಂಡಿರಿ ಎಂದರು. ಎದ್ದು ಬರುವಾಗ ಧೈರ್ಯ ಮಾಡಿ ಕೇಳಿದೆ:

"ಲಿಂಗ ಹಿಡಿಯೋವಾಗ ಬಿಚ್ಬೋದಾ?"

"ಬಿಚ್ಚಿ. ಮೊಣಕೈಗೆ ಆಸರೆ ಇರ್ಲಿ. ನೋವು ಬಂದ್ರೆ ಇಳಿಸ್ಬಿಡಿ."

ಬಸ್ಸಿನಲ್ಲೇ ತೀರ್ಮಾನ ಮಾಡಿದೆ. ಈ ಕೈಗೆ ಫೋನೂ ಲಿಂಗವೂ ಎರಡೂ ಆಗದು ಎಂದ ಮೇಲೆ ಯೋಚಿಸುವುದೇನಿದೆ? ಬಲಗೈಯಲ್ಲಿ ಅಕ್ಷರ ಒತ್ತಿದರೂ ಫೋನು ಹಿಡಿಯಲು ಎಡಗೈಯೇ ಬೇಕು. ಮನೆಗೆ ಬಂದವಳೇ ಅದನ್ನು ಅಡುಗೆಮನೆ ಗೂಡಿನಲ್ಲಿಟ್ಟೆ. ಅದು ಟಿಣ್ ಎಂದಾಗಲೆಲ್ಲ, ನೀವೇ ಇರಬೇಕು ಎಂದು ಕೈ ತಾನಾಗಿ ಚಾಚುತ್ತಿತ್ತು. ಸೆರಗಿನೊಳಗೆ ಸೇರಿಸಿಕೊಂಡು ಕೂರುತ್ತಿದ್ದೆ.

ಪೂಜೆಗೆ ತೊಡೆಯ ಮೇಲೆ ಕಂಬಳಿ ಮಡಿಸಿಟ್ಟು ಮೊಣಕೈ ಊರಿದೆ. ವಿಭೂತಿ ಹಚ್ಚಿದ ಮೇಲೆ ಎಡ ಅಂಗೈಯ ಕೆಳಗೆ ಬಲ ಅಂಗೈ. ಮೊದಮೊದಲು ವಿಭೂತಿ ಹಚ್ಚುವಷ್ಟರಲ್ಲೇ ನೋವು ಬಂದು, ಲಿಂಗವನ್ನು ಕೊರಳ ಬೆಳ್ಳಿ ಕರಡಿಗೆಗೆ ಸೇರಿಸಿಬಿಡುತ್ತಿದ್ದೆ. ಮರುದಿನ ಮತ್ತೆ ಕೂರುತ್ತಿದ್ದೆ.

"ಹಠ ಅಂದ್ರೆ ನಿಮ್ದೇ ಅತ್ತೆ."

"ಹೂಂ ಕಣೇ. ಮುದ್ದೆ ನೀನು ಕಟ್ಟು, ಲಿಂಗ ನಾನು ಹಿಡಿತೀನಿ."

ಮೊನ್ನೆ ಬಲಗೈಯ ಆಸರೆ ತೆಗೆದೆ. ಬಿಲ್ವಪತ್ರೆ ಏರಿಸಿ ಕಣ್ಣಿಟ್ಟು ನೋಡಿದೆ. ಅಂಗೈ ಸಣ್ಣಗೆ ನಡುಗುತ್ತಿತ್ತು, ಆದರೆ ವಾಲಲಿಲ್ಲ. ಬಟ್ಟೆ ಹಿಂಡಿದರೆ ಈಗಲೂ ನೋಯುತ್ತದೆ. ಪಟ್ಟಿ ಇನ್ನೂ ಬಿಟ್ಟಿಲ್ಲ.

ಪುಟ್ಟಿ, ನೀನೂ ಮಲಗಿಕೊಂಡು ಎಡಗೈಯಲ್ಲೇ ಫೋನು ಹಿಡಿಯುವುದನ್ನು ಕಂಡಿದ್ದೇನೆ. ನಿಮ್ಮಿಬ್ಬರಿಗೂ ದೀಕ್ಷೆಯಾಗಿದೆ, ಮರೆಯಬೇಡಿ. ಇನ್ನು ಮೇಲೆ ನಾನು ಹೇಳಬೇಕಾದದ್ದೆಲ್ಲ ಹೀಗೆ ಹಾಳೆಯಲ್ಲೇ ಬರುತ್ತದೆ. ಓದಿ ನಗುವುದಿದ್ದರೆ ನಗಿ. ನಕ್ಕಾದ ಮೇಲೆ ಟ್ರಂಕಿನ ತಳದಲ್ಲಿ, ಒಣಗಿದ ಬಟ್ಟೆಯ ಕೆಳಗೆ ಮಡಿಸಿಡಿ. ನೀರು ತಾಗಿಸಬೇಡಿ, ಮಕ್ಕಳೇ.